ಏರುಹಾದಿಯ ಕೀರ್ತನೆ

ವೆಂಡೆಲಿನ್ ತೀರಿಕೊಂಡದ್ದು ಸೆಪ್ಟೆಂಬರ್ ತಿಂಗಳ ಒಂದು ಶನಿವಾರ, ಬೆಳಗಿನ ತಿಂಡಿಯ ಹೊತ್ತಿಗೆ. ಆ ವಿಷಯ ಅವನಿಗೆ ತಿಳಿದದ್ದು ಮಾತ್ರ ಮಧ್ಯಾಹ್ನ. ಊರಿನ ಯಾವ ಸುದ್ದಿಯೇ ಆಗಲಿ, ಊರೆಲ್ಲ ಸುತ್ತಿ ಕಟ್ಟಕಡೆಗೆ ಅವನ ಕಿವಿಗೆ ಬೀಳುವುದು ಮೊದಲಿನಿಂದ ನಡೆದುಬಂದ ಪದ್ಧತಿ. ಅವನ ಸ್ವಂತ ಸಾವಿನ ವಿಚಾರದಲ್ಲೂ ಆ ಪದ್ಧತಿ ತಪ್ಪಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಸೈಕಲ್ಲು. ಸೈಕಲ್ಲಿನದೇನೂ ತಪ್ಪಿಲ್ಲ, ಪಾಪ. ಅದು ಬೆಟ್ಟ ಹತ್ತಲಿಕ್ಕೆಂದೇ ಹುಟ್ಟಿದ್ದು, ಹೊಟ್ಟೆಯಲ್ಲಿ ಬ್ಯಾಟರಿ, ಪೆಡಲಿನ ಬುಡದಲ್ಲಿ ಮೋಟರು. ತನ್ನ ಕೆಲಸ ತಾನು ನಿಯತ್ತಾಗಿ ಮಾಡಿಕೊಂಡಿತ್ತು. ತಪ್ಪು ಅದನ್ನು ಕೊಂಡವನ ಬಾಯಿಯದು.

ಟಿರೋಲ್ ಸೀಮೆಯ ಲೆರ್ಶೆನ್‌ಬಾಖ್ ಎಂಬ ಆ ಊರಿನಲ್ಲಿ ಮನುಷ್ಯನ ಬೆಲೆ ಕಟ್ಟುವುದು ಅವನು ಏರು ಹತ್ತುವ ರೀತಿ ನೋಡಿ. ವೆಂಡೆಲಿನ್ ಹುಟ್ಟಿದ್ದು ಅಲ್ಲೇ ಆದರೂ ಬಾಳಿದ್ದೆಲ್ಲ ಪಟ್ಟಣದ ಭೂಮಾಪನ ಕಚೇರಿಯಲ್ಲಿ. ಕಾಗದದ ಮೇಲೆ ಅವನು ಗೆರೆ ಎಳೆಯದ ಶಿಖರವಿಲ್ಲ, ಕಾಲಿನಿಂದ ಮುಟ್ಟಿದ್ದು ಒಂದೂ ಇಲ್ಲ. ನಿವೃತ್ತನಾಗಿ ಅಕ್ಕನ ಮನೆಗೆ ಬಂದು ಸೇರಿದವನಿಗೆ ಊರಿನಲ್ಲಿ ತಲೆಯೆತ್ತಿ ತಿರುಗಬೇಕೆಂಬ ಆಸೆ ಹುಟ್ಟಿತು. ಸೈಕಲ್ಲು ಬಂತು.

ಬಂದ ದಿನವೇ ಅದನ್ನು ಊರ ಹೋಟೆಲಿನ ಮುಂದಿನ ಬೆಂಚಿನ ಎದುರು ನಿಲ್ಲಿಸಬೇಕಾಗಿ ಬಂತು. ಬೆಂಚಿನ ಮೇಲೆ ಪೈಪು ಕಚ್ಚಿಕೊಂಡು ಕಾಸಿಯಾನ್ ಕುಳಿತಿದ್ದ. ಜೀವಮಾನವೆಲ್ಲ ಗಿಣ್ಣು ಮಾಡಿ ಮಾರಿ, ಈಗ ಬಂದುಹೋಗುವವರನ್ನು ತೂಗಿ ನೋಡುವುದೊಂದೇ ಕಸುಬಾಗಿ ಉಳಿಸಿಕೊಂಡ ಮುದುಕ. ಹಿಂದಿನ ವಾರವಷ್ಟೇ ಇಂಥದೇ ಸೈಕಲ್ಲಿನಲ್ಲಿ ಸುಂಯ್ ಎಂದು ಏರಿಹೋದ ಪ್ರವಾಸಿಯೊಬ್ಬನನ್ನು ನೋಡಿ, "ಅವನಿಗೆ ಕಾಲು ಕೊಟ್ಟಿರೋದು ಪ್ಯಾಂಟು ಹಾಕ್ಕೊಳ್ಳೋಕೆ ಮಾತ್ರ" ಎಂದು ತೀರ್ಪು ಕೊಟ್ಟಿದ್ದ. ವೆಂಡೆಲಿನ್ ಅದನ್ನು ತನ್ನ ಕಿವಿಯಾರೆ ಕೇಳಿದ್ದ.

"ಏನಯ್ಯಾ ವೆಂಡೆಲಿನ್, ಸೈಕಲ್ಲು ಬಸುರಿ ಇದ್ದಂಗಿದೆ?" ದಪ್ಪನೆಯ ಚೌಕಟ್ಟಿಗೆ ಪೈಪು ತೋರಿಸಿ ಕಾಸಿಯಾನ್ ಕೇಳಿದ.

"ಅದು ಬ್ಯಾಟರಿ."

"ಓಹೋ!"

"ದೀಪಕ್ಕೆ," ಎಂದ ವೆಂಡೆಲಿನ್. ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು.

"ದೀಪಕ್ಕಾ? ಇಷ್ಟು ದಪ್ಪದ್ದಾ? ಇಡೀ ಇಗರ್ಜಿಗೆ ದೀಪ ಹಾಕೋ ಯೋಚ್ನೆ ಇದೆಯೇನು?"

"ನಮ್ಮ ಕಡೆ ಮಂಜು ಜಾಸ್ತಿ ಅಲ್ವಾ."

ಕಾಸಿಯಾನ್ ಪೈಪು ತೆಗೆದು, ಮಂಜಿನ ಸುಳಿವೇ ಇಲ್ಲದ ಆಕಾಶವನ್ನು ನೋಡಿದ. "ಸರಿ, ಕಾಲಲ್ಲೇ ತುಳಿತೀಯ ಅಂದ್ರೆ ಸಂತೋಷ. ನಿಮ್ಮಕ್ಕನ ಹುಲ್ಲುಗಾವಲಿಗೆ ಹೋಗೋ ದಾರಿ ಇಲ್ಲೇ ಹಿಂದೆ ಇದೆ. ನಾವೂ ಕಣ್ತುಂಬ ನೋಡ್ತೀವಿ."

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ದೀಪದ ಬ್ಯಾಟರಿಗೆ ಹೋಗಲಿರುವ ಮಾನವನ್ನು ಉಳಿಸಿಕೊಳ್ಳಲು ವೆಂಡೆಲಿನ್ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡ. ಮುಖ್ಯ ತೊಂದರೆ ಸದ್ದಿನದು. ಮೋಟರು ಏರಿನಲ್ಲಿ ಜೇನುಗೂಡಿನಂತೆ ಗುಂಯ್‌ಗುಟ್ಟುತ್ತಿತ್ತು. ಹಾದಿಯೋ ಹೋಟೆಲಿನ ಬೆನ್ನಿಗೇ ಅಂಟಿಕೊಂಡಿತ್ತು. ಬೆಳಿಗ್ಗೆ ಏರು ಶುರುವಾಗುತ್ತಿದ್ದಂತೆ ಅವನು ಬಾಯಿ ಅಗಲಿಸಿ ಮಾತೆ ಮರಿಯಮ್ಮನ ಕೀರ್ತನೆಯೊಂದನ್ನು ಹಾಡತೊಡಗಿದ. ಗುಂಯ್ ಸದ್ದು ಕೀರ್ತನೆಯೊಳಗೆ ಶ್ರುತಿಪೆಟ್ಟಿಗೆಯಂತೆ ಅಡಗಿಹೋಯಿತು.

ಪರಿಣಾಮ ಅವನು ಎಣಿಸಿದ್ದಕ್ಕಿಂತ ಭಯಂಕರವಾಗಿತ್ತು. ಅರವತ್ತು ದಾಟಿದ ಗುಮಾಸ್ತ, ಆಡೂ ಏದುಸಿರು ಬಿಡುವಂಥ ಏರನ್ನು ಎಲ್ಲೂ ಉಸಿರು ಮುರಿಯದೆ ಹಾಡುತ್ತ ಹತ್ತಿಹೋದ! ಬೆಂಚಿನ ಮೇಲೆ ಕಾಸಿಯಾನನ ಪೈಪು ಆರಿತು. ಒಂದು ವಾರದಲ್ಲಿ ಸುದ್ದಿ ಕಣಿವೆಯ ಮೂರು ಊರಿಗೆ ಮುಟ್ಟಿತು. ವೈದ್ಯರು ದಾರಿಯಲ್ಲಿ ತಡೆದು ಎದೆಗೆ ಕಿವಿಯಿಟ್ಟು ಕೇಳಿ, ಏನೂ ಹೇಳಲು ತೋಚದೆ ಬೆನ್ನು ತಟ್ಟಿ ಕಳಿಸಿದರು. ಪಾದ್ರಿ ಸೆವರಿನ್ ಅವರಂತೂ ಕಣ್ಣಲ್ಲಿ ನೀರು ತಂದುಕೊಂಡು ಭಾನುವಾರದ ಗಾಯನವೃಂದಕ್ಕೆ ಅವನನ್ನು ಸೇರಿಸಿದರು. ಅಲ್ಲಿ ಅವನು ಎರಡನೇ ಸಾಲಿಗೇ ಉಸಿರು ಕಟ್ಟಿ ಕೆಮ್ಮಿದಾಗ, "ಅವನ ಗಂಟಲಿಗೆ ಬೆಟ್ಟದ ಗಾಳಿ ಬೇಕು, ಗೋಡೆ ಮಧ್ಯೆ ಒಗ್ಗಲ್ಲ" ಎಂದು ಅವರೇ ಸಮಾಧಾನ ಹೇಳಿದರು.

ಹಾಗಾಗಿ ವೆಂಡೆಲಿನ್ ಬೇಸಿಗೆಯಿಡೀ ಹಾಡಿದ. ಸೈಕಲ್ಲಿನ ಆರೈಕೆಯೆಲ್ಲ ಗುಟ್ಟಾಗಿ ನಡೆಯಿತು. ಸರಪಳಿಗೆ ಎಣ್ಣೆ, ಬ್ರೇಕಿಗೆ ಹೊಸ ಪಟ್ಟಿ, ಕೆಸರು ತೊಳೆಯುವುದು, ಎಲ್ಲ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು. ಬ್ಯಾಟರಿ ತುಂಬಿಸುವ ಡಬ್ಬಿಯನ್ನು ಯಾರೂ ಕಾಲಿಡದ ಕೋಳಿಗೂಡಿನ ಮೂಲೆಯಲ್ಲಿ ಇಟ್ಟಿದ್ದ. ಎಷ್ಟು ಚಾರ್ಜು ಉಳಿದಿದೆಯೆಂದು ತೋರಿಸುವ ಹಿಡಿಕೆಯ ಮೇಲಿನ ಪುಟ್ಟ ಪರದೆಗೆ ಸದಾ ಕರವಸ್ತ್ರ ಕಟ್ಟಿರುತ್ತಿದ್ದ. ಕೇಳಿದವರಿಗೆ, "ಬೆವರು ಒರೆಸೋಕೆ" ಎನ್ನುತ್ತಿದ್ದ. ಬೆವರು ಎಂದೂ ಬಂದಿರಲಿಲ್ಲ.

ಮೇಲೆ ಹುಲ್ಲುಗಾವಲಿನಲ್ಲಿ ಅಕ್ಕ ನೋಟ್‌ಬುರ್ಗಾ ದನಗಳೊಂದಿಗೆ ಬೇಸಿಗೆ ಕಳೆಯುತ್ತಿದ್ದಳು. ಮದುವೆಯಾಗದ, ಮಾತು ಕಡಿಮೆಯ, ಅಗಲ ಕೈಗಳ ಹೆಂಗಸು. ತಮ್ಮ ಹಾಡುತ್ತ ಬಂದು ಇಳಿದರೆ, "ಚೆನ್ನಾಗಿ ಹಾಡ್ತೀಯ" ಎಂದಷ್ಟೇ ಹೇಳಿ, ಮೊಸರು ಕೊಟ್ಟು, ಬೆಂಚಿನ ಮೇಲೆ ಕುಳಿತು ಮಂಡಿಗೆ ಔಷಧಿ ತಿಕ್ಕಿಕೊಳ್ಳುತ್ತಿದ್ದಳು. ಅವಳ ಎರಡು ಮಂಡಿಯೂ ಸವೆದಿದ್ದವು. ಕಾಸಿಯಾನನ ಜೀಪು ಅರ್ಧ ದಾರಿಗಷ್ಟೇ ಬರುತ್ತಿತ್ತು. ಉಳಿದದ್ದನ್ನು ನಡೆದೇ ಏರಬೇಕು.

"ಇದೇ ಕೊನೇ ಬೇಸಿಗೆ ಕಣೋ," ಎಂದಳು ಒಂದು ದಿನ. "ಮುಂದಿನ ವರ್ಷ ದನಗಳನ್ನ ಬೇರೆಯವರಿಗೆ ಒಪ್ಪಿಸ್ತೀನಿ. ಝೆನ್ಸಿ ತಲೆಗೆ ಒಂದ್ಸಲ ಅಮ್ಮನ ಕಿರೀಟ ಇಟ್ಟು ಇಳಿಸಿಬಿಟ್ರೆ ಸಾಕು, ಇನ್ನೇನೂ ಬೇಡ ನಂಗೆ."

ಝೆನ್ಸಿ ಅವಳ ಹಿಂಡಿನ ಮುಂದಾಳು ಹಸು. ಕಿರೀಟ ಆ ಸೀಮೆಯ ಕಟ್ಟಳೆ. ಚಳಿಗೆ ಮುಂಚೆ ದನಗಳು ಕಣಿವೆಗೆ ಇಳಿಯುವ ದಿನ, ಬೇಸಿಗೆಯಲ್ಲಿ ದನಕ್ಕಾಗಲಿ ಮನೆಯವರಿಗಾಗಲಿ ಸಾವು ತಟ್ಟದಿದ್ದರೆ ಎಲ್ಲಕ್ಕೂ ಹೂಮಾಲೆ, ಮುಂದಾಳು ಹಸುವಿಗೆ ಕನ್ನಡಿಯಿಟ್ಟ ಕಾಗದದ ಹೂವಿನ ಕಿರೀಟ, ಕೊರಳಿಗೆ ದೊಡ್ಡ ಗಂಟೆ. ಒಂದು ಸಾವಾದರೂ ಆಗಿದ್ದರೆ ಹೂವಿಲ್ಲ, ಗಂಟೆಯಿಲ್ಲ. ಮುಂದಾಳಿನ ಕೊಂಬಿಗೆ ಕಪ್ಪು ಪಟ್ಟಿ. ಹಿಂದಿನ ಎರಡು ವರ್ಷವೂ ನೋಟ್‌ಬುರ್ಗಾಳ ದನಗಳು ಬೋಳಾಗಿಯೇ ಇಳಿದಿದ್ದವು. ಒಂದು ಸಲ ಕರುವೊಂದು ಕಮರಿಗೆ ಬಿದ್ದಿತ್ತು, ಇನ್ನೊಂದು ಸಲ ಹಸುವೊಂದಕ್ಕೆ ಸಿಡಿಲು ಬಡಿದಿತ್ತು. ಈ ವರ್ಷ ಒಂದು ಕೋಳಿಯೂ ಸತ್ತಿರಲಿಲ್ಲ. ಬಿಡುವಾದಾಗಲೆಲ್ಲ ಕುಳಿತು ಅವಳು ಬಾಡದ ಬೆಟ್ಟದ ಹೂವಿನ ಹತ್ತಾರು ಮಾಲೆ ಕಟ್ಟಿಟ್ಟಿದ್ದಳು. ಅಮ್ಮನ ಕಿರೀಟವೊಂದು ಮಾತ್ರ ಊರ ಮನೆಯ ಅಟ್ಟದಲ್ಲಿತ್ತು.

"ಕಾಸಿಯಾನನ ಜೀಪಲ್ಲಿ ಕಳಿಸಿಬಿಡು," ಎಂದಳು.

"ಜೀಪ್ಯಾಕೆ ಅಕ್ಕಾ? ನಾನಿಲ್ವಾ? ಹೆಗಲಿಗೆ ಹಾಕ್ಕೊಂಡು ಹಾಡ್ತಾ ತರ್ತೀನಿ."

ನೋಟ್‌ಬುರ್ಗಾ ತಮ್ಮನ ಮುಖವನ್ನೂ ಸೈಕಲ್ಲಿನ ಹೊಟ್ಟೆಯನ್ನೂ ಒಮ್ಮೆ ನೋಡಿದಳು. "ಹಾಗಾದ್ರೆ ನಿನ್ನ ಹಾಡು ಕೇಳಿದ ಮೇಲೇ ದನ ಬಿಚ್ಚೋದು," ಎಂದಳು.

ಇಳಿಯುವ ದಿನದ ಹಿಂದಿನ ಸಂಜೆ ವೆಂಡೆಲಿನ್ ಬ್ಯಾಟರಿಯನ್ನು ಕೋಳಿಗೂಡಿನಲ್ಲಿ ಚುಚ್ಚಿಟ್ಟು ಮಲಗಿದ. ರಾತ್ರಿ ಚಳಿ ಬಿತ್ತು. ಡಬ್ಬಿ ಬೆಚ್ಚಗಿತ್ತು. ಕಾವಿನ ಹುಚ್ಚು ಹಿಡಿದ ಹೇಂಟೆಯೊಂದು ಅದನ್ನೇ ತನ್ನ ಮೊಟ್ಟೆಯೆಂದು ಭಾವಿಸಿ, ಮೇಲೆ ಕುಳಿತು, ಮಗ್ಗುಲು ಬದಲಿಸಿತು. ಗೋಡೆಯಿಂದ ವೈರು ಕಳಚಿಕೊಂಡಿತು. ಬೆಳಿಗ್ಗೆ ವೆಂಡೆಲಿನ್ ಕೋಳಿಯನ್ನು ಗದರಿಸಿ ಎಬ್ಬಿಸಿದನೇ ಹೊರತು ಗೋಡೆಯ ಕಡೆ ನೋಡಲಿಲ್ಲ. ಪರದೆಗಂತೂ ಕರವಸ್ತ್ರವಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ. ಇವನು ಸೈಕಲ್ಲಿನ ಕಣ್ಣು ಕಟ್ಟಿ ಬೆಟ್ಟ ಹತ್ತಿದ.

ಹೋಟೆಲಿನ ಹಿಂದೆ ಕೀರ್ತನೆ ಸೊಗಸಾಗಿ ಮೊಳಗಿತು. ಎರಡನೆಯ ತಿರುವು ದಾಟಿ, ಜೀಪು ನಿಲ್ಲುವ ಜಾಗವನ್ನೂ ದಾಟಿ, ಕಮರಿಯ ಅಂಚಿನ ಕಿರುದಾರಿಗೆ ಬಂದಾಗ ಮರಿಯಮ್ಮನ ಹೆಸರಿನ ನಡುವೆಯೇ ಮೋಟರು ಕೈಕೊಟ್ಟಿತು. ಕೀರ್ತನೆಯೂ ನಿಂತಿತು. ವೆಂಡೆಲಿನ್ ಇಳಿದು ತಳ್ಳಿ ನೋಡಿದ. ಮೋಟರಿನ ಸಹಾಯವಿಲ್ಲದೆ ಆ ಸೈಕಲ್ಲು ಮೊಂಡುಬಿದ್ದ ಕೋಣ. ಹತ್ತು ಹೆಜ್ಜೆಗೆ ಅವನ ಕಣ್ಣು ಕತ್ತಲೆಗಟ್ಟಿತು.

ಅಷ್ಟರಲ್ಲಿ ಕೆಳಗೆ ಜೀಪು ನಿಂತ ಸದ್ದು, ಕಾಸಿಯಾನನ ಕೆಮ್ಮು, ಇಳಿಯುವ ಸಂಭ್ರಮ ನೋಡಲು ಬಂದ ಊರವರ ನಗು ಕೇಳಿಸಿದವು. ಇನ್ನೆರಡು ನಿಮಿಷಕ್ಕೆ ಅವರು ತಿರುವಿನಲ್ಲಿ ಕಾಣಿಸಿಕೊಳ್ಳುತ್ತಾರೆ. ದೀಪದ ಬ್ಯಾಟರಿ ಹೊತ್ತವನು ಸೈಕಲ್ಲು ತಳ್ಳುತ್ತಿರುವುದನ್ನು ನೋಡುತ್ತಾರೆ! ವೆಂಡೆಲಿನ್ ಸೈಕಲ್ಲನ್ನು ದಾರಿಯಂಚಿನ ಕುರುಚಲು ಪೈನ್ ಪೊದೆಗೆ ನೂಕಿದ. ಪೊದೆ ಅದನ್ನು ಒಂದು ಕ್ಷಣ ಹಿಡಿದುಕೊಂಡು, ಭಾರ ತಾಳದೆ, ಕಮರಿಗೆ ಬಿಟ್ಟುಕೊಟ್ಟಿತು. ಹಿಡಿಯಲು ಬಗ್ಗಿದವನ ಟೋಪಿಯೂ ಅದರ ಹಿಂದೆಯೇ ಹೋಗಿ ಮುಳ್ಳಿಗೆ ಸಿಕ್ಕಿಕೊಂಡಿತು. ಬೆನ್ನಿನ ಕಿರೀಟದ ಪೆಟ್ಟಿಗೆಯೊಂದಿಗೆ ಅವನು ನಾಲ್ಕು ಕಾಲಿನಲ್ಲಿ ತೆವಳಿ ಮೇಲಿನ ಹುಲ್ಲುಮನೆಗೆ ಸೇರಿಕೊಂಡ. ಇವರು ಮುಂದೆ ಹೋಗಲಿ, ಒಳದಾರಿಯಿಂದ ಹೋಗಿ ಕಿರೀಟ ಮುಟ್ಟಿಸುತ್ತೇನೆ, ಅಷ್ಟರಲ್ಲಿ ಸ್ವಲ್ಪ ಉಸಿರು ಬರಲಿ ಎಂದುಕೊಂಡು ಒಣಹುಲ್ಲಿನ ಮೇಲೆ ಒರಗಿದ. ಬೇಸಿಗೆಯಿಡೀ ದಣಿಯದೆ ಇದ್ದ ದೇಹ ಮೊದಲ ಸಲ ದಣಿದಿತ್ತು. ನಿದ್ದೆ ಬಂತು.

ದಾರಿಯಂಚಿನ ಪೊದೆ ಮುರಿದದ್ದು ಕಂಡು ಕಾಸಿಯಾನ್ ಕಮರಿಯಲ್ಲಿ ಇಣುಕಿ ನೋಡಿದ. ಸೈಕಲ್ಲಿನ ಮುಂದಿನ ಚಕ್ರ ಎಂಟರ ಅಂಕಿಯಂತೆ ತಿರುಚಿಕೊಂಡು ಲಾರ್ಚ್ ಮರಕ್ಕೆ ನೇತಾಡುತ್ತಿತ್ತು. ಮುಳ್ಳಿನಲ್ಲಿ ಟೋಪಿ. ಅದರಾಚೆಗೆ ನೀರಿನ ಭೋರೆಂಬ ಸದ್ದು. ಅವನು ಕಿವಿಗೊಟ್ಟು ಕೇಳಿದ. ಇಡೀ ಬೆಟ್ಟದಲ್ಲಿ ಎಲ್ಲೂ ಕೀರ್ತನೆಯಿಲ್ಲ.

"ಹೋದ," ಎಂದ ಕಾಸಿಯಾನ್. "ಹಾಡ್ತಾ ಹಾಡ್ತಾನೇ ಹೋದ."

ಇಬ್ಬರು ಗಂಡಸರು ಹಗ್ಗ ತರಲು, ಪಾದ್ರಿಗೆ ಸುದ್ದಿ ಮುಟ್ಟಿಸಲು ಕೆಳಗೆ ಓಡಿದರು, ಉಳಿದವರು ಮೇಲೆ ಹೋದರು. ಹುಲ್ಲುಗಾವಲಿನಲ್ಲಿ ದನಗಳು ಮಾಲೆ ತೊಟ್ಟು ನಿಂತಿದ್ದವು. ನೋಟ್‌ಬುರ್ಗಾ ಹಾಡಿಗಾಗಿ ದಾರಿಯ ಕಡೆ ಕಿವಿಯಿಟ್ಟಿದ್ದಳು. ಬಂದವರು ಟೋಪಿ ತೆಗೆದು ಸಾಲಾಗಿ ನಿಂತದ್ದು ಕಂಡಾಗಲೇ ಅವಳಿಗೆ ಅರ್ಥವಾಗಿತ್ತು. ಅವಳು ಅಳಲಿಲ್ಲ. ಝೆನ್ಸಿಯ ಕೊರಳಿನ ಗಂಟೆ ಬಿಚ್ಚಿ ನೆಲದ ಮೇಲಿಟ್ಟಳು. ಒಂದೊಂದೇ ದನದ ಮಾಲೆ ತೆಗೆದು ಆಡುಗಳ ಮುಂದೆ ಹಾಕಿದಳು.

"ನಾನೇ ಜೀಪಲ್ಲಿ ಕಳಿಸು ಅಂತ ಗಟ್ಟಿಯಾಗಿ ಹೇಳ್ಬೇಕಿತ್ತು," ಎಂದಳು. "ಬಡಾಯಿ ಕೊಚ್ಚಿಕೊಳ್ಳಲಿ ಬಿಡು, ಖುಷಿಯಾಗಿದಾನಲ್ಲ ಅಂತ ಸುಮ್ನಾದೆ."

ದನಗಳು ನಿಂತಲ್ಲಿ ನಿಲ್ಲುವ ಹಾಗಿರಲಿಲ್ಲ. ಸಂಜೆಗೆ ಹಿಮದ ಮುನ್ಸೂಚನೆಯಿತ್ತು. ತನ್ನ ತಲೆಯ ಕಪ್ಪು ವಸ್ತ್ರವನ್ನೇ ಹರಿದು ಝೆನ್ಸಿಯ ಕೊಂಬಿಗೆ ಕಟ್ಟಿ, ಮಂಡಿಯ ಮೇಲೆ ಕೈಯೂರಿಕೊಂಡು ಅವಳು ಇಳಿಯತೊಡಗಿದಳು.

ವೆಂಡೆಲಿನ್‌ಗೆ ಎಚ್ಚರವಾದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹುಲ್ಲುಮನೆಯ ಸಂದಿನಿಂದ ನೋಡಿದರೆ ದನಗಳ ಸಾಲು ಆಗಲೇ ಹಾದುಹೋಗಿ, ಬಾಲದ ತುದಿಯಷ್ಟೇ ಉಳಿದಿತ್ತು. ಹೂವಿಲ್ಲ, ಗಂಟೆಯಿಲ್ಲ. ಅಯ್ಯೋ, ಯಾರೋ ಸತ್ತಿದ್ದಾರೆ! ಕೆಳಗಿನ ತಿರುವುಗಳಲ್ಲಿ ಇಳಿಯುತ್ತಿದ್ದ ಸಾಲಿನ ಮುಂದೆ ಅಕ್ಕನ ಬೆನ್ನು ಕಂಡು ಜೀವ ಬಂತು. ದನಗಳನ್ನು ಎಣಿಸಿದ, ಎಲ್ಲ ಇದ್ದವು. ಹೊರಗೆ ಬಂದು, ಮೆರವಣಿಗೆಯ ಕೊನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಹೋಗುತ್ತಿದ್ದ ಪ್ರವಾಸಿ ಹೆಂಗಸೊಬ್ಬಳ ಪಕ್ಕಕ್ಕೆ ಸೇರಿ, ತಾನೂ ತಲೆ ತಗ್ಗಿಸಿ ನಾಲ್ಕು ಹೆಜ್ಜೆ ನಡೆದ.

"ಯಾರು ತೀರಿಕೊಂಡದ್ದಮ್ಮಾ?" ಮೆಲ್ಲಗೆ ಕೇಳಿದ.

"ಆ ಮುಂದೆ ಹೋಗ್ತಿದಾರಲ್ಲ, ಅವರ ತಮ್ಮ."

"ಯಾವ ತಮ್ಮ?"

"ಇದ್ದದ್ದೇ ಒಬ್ಬರಂತೆ ಪಾಪ. ಭಾರಿ ಹಾಡುಗಾರರಂತೆ. ಕಮರಿಗೆ ಬಿದ್ರಂತೆ. ನಿಮಗೆ ಅವರ ಪರಿಚಯ ಇತ್ತಾ?"

"ಸ್ವಲ್ಪ," ಎಂದ ವೆಂಡೆಲಿನ್.

ಅವನು ಅಲ್ಲೇ ಕಲ್ಲಿನ ಮೇಲೆ ಕುಸಿದ. ಮುಂದೆ ಕಾಸಿಯಾನನ ದನಿ ಗಾಳಿಯಲ್ಲಿ ತೇಲಿಬಂತು: "ಅಂಥ ಪುಪ್ಪುಸ ಈ ಕಣಿವೇಲಿ ಇನ್ನು ಹುಟ್ಟಲ್ಲ." ಇಷ್ಟು ಒಳ್ಳೆಯ ಮಾತು ಬದುಕಿದ್ದಾಗ ಅವನ ಬಗ್ಗೆ ಯಾರೂ ಆಡಿರಲಿಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ಹೀಗೇ ಸತ್ತೇ ಇದ್ದುಬಿಟ್ಟರೆ ಹೇಗೆಂದು ಅವನು ಗಂಭೀರವಾಗಿ ಯೋಚಿಸಿದ್ದುಂಟು. ಆಗ ಬೆನ್ನಿನ ಮೇಲೆ ಪೆಟ್ಟಿಗೆಯೊಳಗೆ ಕಿರೀಟದ ಕನ್ನಡಿ ಕಿಣ್ ಎಂದಿತು. ಕೆಳಗೆ ಅಕ್ಕ, ತಲೆಯ ಮೇಲೆ ವಸ್ತ್ರವೂ ಇಲ್ಲದೆ, ಒಂದೊಂದು ಹೆಜ್ಜೆಗೂ ಮಂಡಿ ಹಿಡಿದುಕೊಂಡು, ಬೋಳು ದನಗಳ ಮುಂದೆ ನಡೆಯುತ್ತಿದ್ದಳು. ವೆಂಡೆಲಿನ್‌ಗೆ ತನ್ನ ಮೇಲೇ ಹೇಸಿಗೆಯಾಯಿತು.

ಊರ ಬಾಯಿಗೆ ಮುಂಚೆ ಒಂದು ಪುಟ್ಟ ಪ್ರಾರ್ಥನಾ ಗುಡಿಯಿದೆ. ದನಗಳು ಅಲ್ಲಿ ನಿಂತು ದಣಿವಾರಿಸಿಕೊಳ್ಳುತ್ತವೆ. ಅಲ್ಲಿಗೆ ಅವರಿಗಿಂತ ಮೊದಲು ಮುಟ್ಟಬೇಕೆಂದು ಅವನು ಕಡಿದಾದ ಹುಲ್ಲು ಇಳಿಜಾರಿನಲ್ಲಿ ನೇರ ಜಾರಿದ. ಜಾರಿದ್ದು ಜಾಸ್ತಿಯಾಗಿ ಗುಡಿಯನ್ನೂ ದಾಟಿ ಹಳ್ಳದ ತಳಕ್ಕೆ ಹೋಗಿ ಬಿದ್ದ. ಈಗ ಏರಬೇಕು, ಸ್ವಂತ ಕಾಲಿನಲ್ಲಿ. ಸತ್ತವನು ಏಕಾಏಕಿ ಎದುರಿಗೆ ನಿಂತರೆ ಅಕ್ಕನ ಎದೆ ಒಡೆದೀತೆಂದು ಅವನಿಗೆ ಭಯವಾಯಿತು. ಮೊದಲೇ ಸೂಚನೆ ಕೊಡಬೇಕು. ಅವನಿಗೆ ಗೊತ್ತಿದ್ದ ಸೂಚನೆ ಒಂದೇ.

ಗುಡಿಯ ಬಳಿ ನಿಂತವರಿಗೆ ಹಳ್ಳದಿಂದ ಏನೋ ಕೇಳಿಸಿತು. ಒಂದು ಪದ, ಆಮೇಲೆ ಕಮ್ಮಾರನ ತಿದಿಯಂಥ ಏದುಸಿರು, ಕೆಮ್ಮು, ಇನ್ನರ್ಧ ಪದ, ದೀರ್ಘ ಮೌನ, ಮತ್ತೆ ಏದುಸಿರು. ಮರಿಯಮ್ಮನ ಹೆಸರು ಮೂರು ತುಂಡಾಗಿ ಮೇಲಕ್ಕೆ ಬಂತು.

"ಯಾರೋ ಆ ಕೀರ್ತನೆ ಹಾಳು ಮಾಡ್ತಿದಾರೆ," ಕಾಸಿಯಾನ್ ಸಿಡುಕಿದ. "ಸತ್ತವನ ಹಾಡು ಅನ್ನೋ ಮರ್ಯಾದೆ ಬೇಡ್ವಾ?"

ನೋಟ್‌ಬುರ್ಗಾ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. "ಅವನೇ," ಎಂದಳು.

"ಹೋಗಮ್ಮಾ, ವೆಂಡೆಲಿನ್ ಎಲ್ಲಿ, ಇದೆಲ್ಲಿ! ಅವನು ಒಂದ್ಸಲಾನೂ ಉಸಿರು ಮುರೀತಿರ್ಲಿಲ್ಲ."

"ಬೇಸಿಗೆಯೆಲ್ಲ ಹಾಡಿದ್ದು ಬ್ಯಾಟರಿ. ಇದು ನನ್ನ ತಮ್ಮ. ಅವನ ಸ್ವಂತ ಉಸಿರು ಇಷ್ಟೇ, ಚಿಕ್ಕಂದಿನಿಂದ ಕೇಳಿದೀನಿ."

ಹಳ್ಳದ ಅಂಚಿನಲ್ಲಿ ಮೊದಲು ಒಂದು ಕೈ, ಆಮೇಲೆ ಬೀಟ್‌ರೂಟಿನಂತೆ ಕೆಂಪಾದ ಮುಖ ಕಾಣಿಸಿತು. ಆ ಮುಖದ ಮೇಲೆ, ಈ ಬೇಸಿಗೆಯಲ್ಲಿ ಮೊದಲ ಸಲ, ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ನೋಟ್‌ಬುರ್ಗಾ ಅವನ ಕೆನ್ನೆಗೆ ಛಟೀರೆಂದು ಒಂದು ಬಿಟ್ಟಳು. ಆಮೇಲೆ ಅವನನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತಳು.

"ಮೋಟರಿದೆ," ಎಂದ ವೆಂಡೆಲಿನ್, ಅಕ್ಕನ ಹೆಗಲ ಮೇಲಿಂದ ಊರವರಿಗೆಲ್ಲ ಕೇಳುವ ಹಾಗೆ. "ಮೊದಲಿಂದಲೂ ಇತ್ತು. ದೀಪಕ್ಕಲ್ಲ."

ಕಾಸಿಯಾನ್ ಪೈಪು ಕೆಳಗೆ ಬೀಳಿಸಿದ. "ಥೂ ನಿನ್ನ! ನಿನ್ನ ನೋಡಿ ನಾನೂ ಹಾಡ್ತಾ ಹತ್ತೋಕೆ ಹೋಗಿ ಎರಡನೇ ತಿರುವಲ್ಲಿ ಮಲಗಿಬಿಟ್ಟೆ ಕಣಯ್ಯಾ! ತಿಂಗಳಿಡೀ ಎದೆಗೆ ಎಣ್ಣೆ ತಿಕ್ಕಿಸ್ಕೊಂಡೆ, ಹೆಂಡತಿ ಹತ್ರ ಶೀತ ಅಂತ ಸುಳ್ಳು ಹೇಳಿ!" ಅವನ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಆ ವಿಚಾರಣೆ ಮನೆಯಲ್ಲಿ ಬೇರೆಯಾಗಿ ನಡೆಯಿತು.

"ಅಕ್ಕಾ, ನಿಂಗೆ ಗೊತ್ತಿತ್ತಾ?"

"ಮೊದಲ ದಿನದಿಂದ. ಸುಳ್ಳು ಹೇಳಿದ್ದಕ್ಕೆ ಬೇಜಾರಿಲ್ಲ ಕಣೋ. ಬೇಸಿಗೆಯೆಲ್ಲ ನನ್ನ ಮಂಡಿ ನೋಡಿದೆ, ಮೊಸರು ತಿಂದೆ. ಒಂದ್ಸಲ, ಅಕ್ಕಾ ನೀನೂ ಹತ್ತಿ ನೋಡು ಅಂದ್ಯಾ?"

ವೆಂಡೆಲಿನ್ ಪೆಟ್ಟಿಗೆ ಬಿಚ್ಚಿ ಅಮ್ಮನ ಕಿರೀಟವನ್ನು ಅವಳ ಕೈಗಿಟ್ಟ. ಇಷ್ಟೆಲ್ಲ ಉರುಳಾಟದಲ್ಲೂ ಕನ್ನಡಿ ಒಡೆದಿರಲಿಲ್ಲ. ಕಪ್ಪು ಪಟ್ಟಿ ಬಿಚ್ಚಿ ಅದನ್ನು ಝೆನ್ಸಿಯ ತಲೆಗೆ ಕಟ್ಟಿದರು. ಉಳಿದ ಮಾಲೆಗಳು ಆಡುಗಳ ಹೊಟ್ಟೆಯಲ್ಲಿದ್ದವು.

ಆ ಊರಿನಲ್ಲಿ ಹೆಂಗಸರು ಮಕ್ಕಳನ್ನಾದರೂ ಬೈದು ಬಡಿದಾರು, ಬಾಲ್ಕನಿಯ ಜೆರೇನಿಯಂ ಹೂವಿಗೆ ಯಾರೂ ಕೈ ಹಚ್ಚುವಂತಿಲ್ಲ. ಕಾಸಿಯಾನನ ಹೆಂಡತಿಯದಂತೂ ಪ್ರತಿವರ್ಷ ಬಹುಮಾನ ಪಡೆಯುವ ಗಿಡಗಳು. ಅವಳು ಊರಿನ ಮೊದಲ ಮನೆಯಾದ ತನ್ನ ಮನೆಗೆ ಹೋಗಿ, ಕತ್ತರಿ ತಂದು, ಕೆಂಪು ಗೊಂಚಲುಗಳನ್ನೆಲ್ಲ ಬುಡದವರೆಗೂ ಕತ್ತರಿಸಿ ಉಡಿಯಲ್ಲಿ ತುಂಬಿಕೊಂಡು ಬಂದಳು. ಅದನ್ನು ಕಂಡ ಮೇಲೆ ಬೇರೆ ಮನೆಯವರಿಗೆ ಹಿಂದೆ ನಿಲ್ಲಲು ಮುಖವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಬೀದಿಯೆಲ್ಲ ಬೋಳಾಯಿತು, ದನಗಳೆಲ್ಲ ಕೆಂಪಾದವು.

ಊರ ಬಾಯಲ್ಲಿ ಪಾದ್ರಿ ಸೆವರಿನ್ ಕಪ್ಪು ನಿಲುವಂಗಿಯಲ್ಲಿ ಕಾಯುತ್ತಿದ್ದರು. ಇಗರ್ಜಿಯ ಸಾವಿನ ಗಂಟೆ ಡಣ್, ಡಣ್ ಎಂದು ಹೊಡೆದುಕೊಳ್ಳುತ್ತಿತ್ತು. ತಿರುವಿನಲ್ಲಿ ಕಿರೀಟ ತೊಟ್ಟ ಝೆನ್ಸಿ, ಅದರ ಒಂದು ಮಗ್ಗುಲಿಗೆ ನೋಟ್‌ಬುರ್ಗಾ, ಇನ್ನೊಂದು ಮಗ್ಗುಲಿಗೆ ಹುಲ್ಲು ಮೆತ್ತಿಕೊಂಡ ಮೃತ ವೆಂಡೆಲಿನ್ ಬಂದದ್ದನ್ನು ನೋಡಿ ಅವರು ಶಿಲುಬೆಯ ಗುರುತು ಹಾಕಿಕೊಂಡರು.

"ಹಾಗಾದ್ರೆ ಈ ಗಂಟೆ ಯಾರಿಗೆ?" ಎಂದರು.

"ಅವನ ಹಾಡಿಗೆ, ಫಾದರ್," ಎಂದ ಕಾಸಿಯಾನ್. "ಹೊಡೀಲಿ ಬಿಡಿ. ದೊಡ್ಡ ಹಾಡು."

ಕಮರಿಯಿಂದ ಹಗ್ಗ ಕಟ್ಟಿ ಎಳೆದ ಸೈಕಲ್ಲಿಗೆ ಚಳಿಗಾಲದಲ್ಲಿ ಹೊಸ ಚಕ್ರ ಬಂತು. ಬ್ಯಾಟರಿಯನ್ನು ಕೋಳಿಗೂಡಿನಿಂದ ಅಡಿಗೆಮನೆಗೆ ವರ್ಗ ಮಾಡಲಾಯಿತು. ಕರವಸ್ತ್ರ ಒಗೆಯಲು ಹೋಯಿತು.

ಹಿಮ ಕರಗಿ ದನಗಳು ಮೇಲೆ ಹೋಗುವ ದಿನ ಹೋಟೆಲಿನ ಬೆಂಚಿನಲ್ಲಿ ಕುಳಿತ ಕಾಸಿಯಾನನಿಗೆ ಏರುಹಾದಿಯಲ್ಲಿ ಗುಂಯ್ ಎಂಬ ಸದ್ದು ಕೇಳಿಸಿತು. ಈ ಸಲ ಅದನ್ನು ಮುಚ್ಚುವ ಪ್ರಯತ್ನವನ್ನು ಯಾರೂ ಮಾಡಿರಲಿಲ್ಲ. ನೋಟ್‌ಬುರ್ಗಾ ಲಂಗ ಎತ್ತಿ ಕಟ್ಟಿ, ಬೆನ್ನು ನೆಟ್ಟಗೆ ಮಾಡಿಕೊಂಡು ಸೈಕಲ್ಲಿನ ಮೇಲೆ ಕುಳಿತು, ಅವಳ ಪಾಡಿಗೆ ಅವಳು ಏರಿಹೋಗುತ್ತಿದ್ದಳು. ಈ ಬೇಸಿಗೆಗೆ ದನಗಳನ್ನು ಬೇರೆ ಯಾರಿಗೂ ಒಪ್ಪಿಸಿರಲಿಲ್ಲ. ಅವಳ ಹಿಂದೆ ಝೆನ್ಸಿ, ಝೆನ್ಸಿಯ ಹಿಂದೆ ಉಳಿದ ದನಗಳು, ಎಲ್ಲಕ್ಕಿಂತ ಹಿಂದೆ ಸೊಂಟಕ್ಕೆ ಕೈ ಕೊಟ್ಟುಕೊಂಡು, ಕೆಂಪು ಮುಖದ ವೆಂಡೆಲಿನ್, ಕಾಲ್ನಡಿಗೆಯಲ್ಲಿ.

"ಏನೋ, ಸತ್ತೋದ್ಯಾ?" ತಿರುವಿನಿಂದ ಅಕ್ಕ ಕೂಗಿ ಕೇಳಿದಳು. "ಸದ್ದೇ ಇಲ್ಲ. ಹಾಡೋ ಒಂದ್ಸಲ!"

ವೆಂಡೆಲಿನ್ ನಿಂತು, ಎದೆ ತುಂಬ ಉಸಿರೆಳೆದು, ಒಂದು ಪದ ಹಾಡಿದ. ಅಷ್ಟಕ್ಕೇ ಉಸಿರು ಮುಗಿಯಿತು.

"ಸಾಕು," ಎಂದಳು ನೋಟ್‌ಬುರ್ಗಾ. "ಬಾ."